ಕರಸ್ಥಲದ ಪಟ್ಟಿ

ಈ ವಯಸ್ಸಿನವರೆಗೆ ನನ್ನನ್ನು ಕೈಹಿಡಿದು ನಡೆಸಿಕೊಂಡು ಬಂದ ಗುರುವಿಗೆ ಮೊದಲ ಶರಣು. ಅಂಗೈಯಷ್ಟು ಇಂಬಿನಲ್ಲಿ ನೆಲೆಸಲು ಒಪ್ಪಿದ ಲಿಂಗದೇವನಿಗೆ ಮತ್ತೊಂದು ಶರಣು. ಮನೆಬಾಗಿಲಿಗೆ ಬಂದು ಧರ್ಮವನ್ನು ನೆನಪಿಸಿ ಹೋದ ಜಂಗಮರೆಲ್ಲರಿಗೂ ಶರಣು. ತಾಯಿ ತೀರಿಹೋದ ಮೇಲೆ ನನ್ನನ್ನು ಕಂಕುಳಲ್ಲೆತ್ತಿ ಸಾಕಿದ ನನ್ನಕ್ಕನ ಎಡಗೈಗೂ ಅದೇ ಭಾವದಿಂದ ಶರಣೆನ್ನುತ್ತೇನೆ. ಇಲ್ಲಿ ಬರೆಯುತ್ತಿರುವುದು ಆ ಕೈಯ ವಿಷಯ. ಋಣವನ್ನು ಮೊದಲು ನೆನೆದು ಆಮೇಲೆ ಮಾತಿಗೆ ತೊಡಗಬೇಕೆಂದು ನನಗೆ ಕಲಿಸಿದವಳೂ ಅವಳೇ.

ನಮ್ಮದು ಹುಕ್ಕೇರಿ. ಅಕ್ಕನನ್ನು ಕೊಟ್ಟದ್ದು ಮೂಡಲಗಿಯ ಒಂದು ಒಕ್ಕಲು ಮನೆತನಕ್ಕೆ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರುಷ ಮುಂಚಿನ ಕಾಲವದು. ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ ಮುಗಿಸಿ, ಊರಿನಲ್ಲಿ ಪುರಾಣ ಹೇಳಿಕೊಂಡಿದ್ದೆ. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಲಿಂಗದೀಕ್ಷೆ ಆದಂದಿನಿಂದ ಪೂಜೆ ತಪ್ಪಿಸಿದವಳಲ್ಲ. ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳ ಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರೆರೆದು, ಪತ್ರಿ ಏರಿಸಿ, ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕುಳಿತುಬಿಡುವಳು. ಅದು ಮುಗಿಯುವವರೆಗೆ ಒಂದು ಗುಟುಕು ನೀರೂ ಇಲ್ಲ. ಎಡದ ಅಂಗೈ ಲಿಂಗದ ಮನೆ, ಅದನ್ನೇ ಕರಸ್ಥಲವೆನ್ನುತ್ತೇವೆ. ಅವಳಿಗೆ ಅದು ಬರಿಯ ಮಾತಾಗಿರಲಿಲ್ಲ. ಆ ಅಂಗೈಯಲ್ಲಿ ಅವಳು ಎಂದೂ ಸೆಗಣಿ ಹಿಡಿದದ್ದನ್ನು ನಾನು ಕಾಣೆ.

ಬಾವು ಬಂದದ್ದು ಅದೇ ಕೈಗೆ. ಮೊದಲು ಚಳಿಜ್ವರ ಬರುತ್ತಿತ್ತು, ಕಂಕುಳಲ್ಲಿ ಗಡ್ಡೆ ಕಟ್ಟುತ್ತಿತ್ತು, ಮೊಳಕೈಯಿಂದ ಮೇಲಕ್ಕೆ ಕೆಂಪನೆಯ ಗೆರೆಯೊಂದು ಏಳುತ್ತಿತ್ತು. ಜ್ವರ ಇಳಿದರೆ ಬಾವೂ ಇಳಿಯುತ್ತಿತ್ತು. ವರುಷದಿಂದ ವರುಷಕ್ಕೆ ಇಳಿಯುವುದು ಕಡಿಮೆಯಾಯಿತು. ಕೊನೆಗೆ ಬಾವು ನಿಂತೇಬಿಟ್ಟಿತು. ಕುಪ್ಪಸದ ತೋಳು ಬಿಚ್ಚಿ ಹೊಲಿಯಬೇಕಾಯಿತು. ಹೆಬ್ಬೆರಳಿನಿಂದ ಒತ್ತಿದರೆ ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಕುಳಿ ಬಿದ್ದು, ಬಹಳ ಹೊತ್ತು ಹಾಗೆಯೇ ಉಳಿಯುತ್ತಿತ್ತು. ಕೈಯ ಭಾರಕ್ಕೆ ಅವಳು ಪೂಜೆಯಲ್ಲಿ ಮೊಳಕೈಯನ್ನು ತೊಡೆಯ ಮೇಲೆ ಊರಿಕೊಳ್ಳತೊಡಗಿದ್ದಳು. ಲಿಂಗವಿದ್ದ ಅಂಗೈ ಎದೆಗಿಂತ ಕೆಳಗೇ ಉಳಿಯುತ್ತಿತ್ತು. ಇದನ್ನು ನಾವೆಲ್ಲ ಕಂಡಿದ್ದೆವು. ನಿಶ್ಶಕ್ತಿಯೆಂದು ತಿಳಿದು ಸುಮ್ಮನಿದ್ದೆವು.

ಒಂದು ಸಲ ಜ್ವರ ಬಂದದ್ದು ಇಳಿಯಲೇ ಇಲ್ಲವೆಂದು ಮೂಡಲಗಿಯಿಂದ ಆಳು ಬಂದು ಹೇಳಿದ. ನಾನು ಹೋಗಿ ಮುಟ್ಟುವ ಹೊತ್ತಿಗೆ ಅವರ ಮನೆಯ ಒಲೆಯಲ್ಲಿ ಕುಡುಗೋಲು ಕಾಯುತ್ತಿತ್ತು. ಬಾತ ಕೈಗೆ ಬರೆ ಹಾಕಿದರೆ ಕೆಟ್ಟ ನೀರು ಹೊರಗೆ ಹೋಗುವುದೆಂದು ಊರ ಹಿರಿಯರು ಹೇಳಿದ್ದರಂತೆ. ಅಕ್ಕನ ಅತ್ತೆ ಒಲೆಯ ಮುಂದೆ ಕುಳಿತಿದ್ದರು. ಅವರು ಕೆಟ್ಟವರಲ್ಲ. ಸೊಸೆ ಸಾಯುವಳೆಂಬ ಭಯ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಕ್ಕನ ಗಂಡ, ನಾನು ಮಾವನೆಂದು ಕರೆಯುತ್ತಿದ್ದವರು, ಹೊಸ್ತಿಲಲ್ಲಿ ನಿಂತು ಒಳಗೂ ಬಾರದೆ ಹೊರಗೂ ಹೋಗದೆ ಒದ್ದಾಡುತ್ತಿದ್ದರು. ನನ್ನನ್ನು ಕಂಡೊಡನೆ, "ನೀ ಓದಿದಾಂವ ಅದಿ. ಹಾಕಬೇಕೋ ಬ್ಯಾಡೋ ನೀನ ಹೇಳು" ಎಂದರು.

ನಾನು ಓದಿದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಾಗೆಂದೇ ಹೇಳಿದೆ. ಕೋಣೆಯೊಳಗಿಂದ ಅಕ್ಕನ ದನಿ ಕೇಳಿತು: "ಬಂಡಿ ಹೂಡ್ರಿ. ಗೋಕಾವಿಗೆ ಹೋಗೂಣು. ಅಲ್ಲೇನಾಕೈತಿ ಅದಾಗ್ಲಿ." ಅತ್ತೆಯವರು ಕುಡುಗೋಲನ್ನು ಒಲೆಯಿಂದ ಎಳೆದು ಬೂದಿಯ ಮೇಲೆ ಇಟ್ಟರು.

ಮಾವನೂ ಅತ್ತೆಯವರೂ ಬಂಡಿಯಲ್ಲಿ ಜೊತೆಗೆ ಬಂದರು. ಘಟಪ್ರಭೆಯನ್ನು ದಾಟುವವರೆಗೆ ಅಕ್ಕ ನನ್ನ ಹೆಗಲ ಮೇಲೆ ಆ ಕೈಯನ್ನು ಚಾಚಿಕೊಂಡು ಕುಳಿತಿದ್ದಳು. ಬಂಡಿ ಕುಲುಕಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳೇ ಹೊರತು ನರಳಲಿಲ್ಲ. ಅಂಗಿಯ ಮೂಲಕ ಆ ಕೈಯ ಕಾವು ನನಗೆ ತಾಗುತ್ತಿತ್ತು.

ಗೋಕಾವಿಯಲ್ಲಿ, ಅಂದರೆ ಗೋಕಾಕದಲ್ಲಿ, ಪುಣೆಯ ಕಡೆ ಓದಿ ಬಂದ ಡಾಕ್ಟರರೊಬ್ಬರಿದ್ದರು. ಅವರು ನಮ್ಮ ಮತದವರಲ್ಲ, ನಮ್ಮ ಸೀಮೆಯವರೂ ಅಲ್ಲ; ನಮ್ಮ ಮಾತನ್ನು ಮಾತ್ರ ಚೆನ್ನಾಗಿ ಕಲಿತಿದ್ದರು. ಮಾತು ಒರಟಾದರೂ ಕೈ ಮೆತ್ತಗೆ. ತಮ್ಮ ವಾಡೆಯ ಹಿಂದಿನ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಅಕ್ಕನನ್ನು ಮಲಗಿಸಿ, ಕೈಯನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರಕ್ಕೆ ಇರಿಸಿ, ಬೆಚ್ಚನೆಯ ನೀರಿನಿಂದ ತೊಳೆಸಿ, ಬೆರಳ ಸಂದುಗಳ ಬಿರುಕಿಗೆ ಔಷಧ ಹಚ್ಚಿದರು. ಈ ಬಿರುಕೇ ಜ್ವರ ಒಳನುಗ್ಗುವ ಬಾಗಿಲೆಂದು ತೋರಿಸಿಕೊಟ್ಟರು. ಕೆಲವು ದಿನಗಳಲ್ಲಿ ಜ್ವರ ಇಳಿಯಿತು. ಆಮೇಲೆ ನಮ್ಮನ್ನು ಕೂರಿಸಿಕೊಂಡು ರೋಗವೇನೆಂದು ಬಿಡಿಸಿ ಹೇಳಿದರು. ಮೈಯಲ್ಲಿ ರಕ್ತದ ನಾಳಗಳಲ್ಲದೆ ತಿಳಿನೀರು ಹರಿಯುವ ಸಣ್ಣ ನಾಳಗಳೂ ಇವೆಯಂತೆ. ಅಕ್ಕನ ತೋಳಿನಲ್ಲಿ ಅವು ಕಟ್ಟಿಹೋಗಿದ್ದವು.

"ಕಾಲುವಿ ಹೂಳು ತುಂಬೇತಿ, ಅದನ್ನ ತಗಿಯೂ ಔಷಧ ನನ್ನ ಕಡೆ ಇಲ್ಲ" ಎಂದರು. "ಹೊಲದಾಗ ನಿಂತ ನೀರನ್ನ ಮಾತ್ರ ಸಾವಕಾಶ ಮ್ಯಾಲ ಸಾಗಿಸಬಹುದು. ಕೈ ಎತ್ತಿ ಇಡಬೇಕು, ಸ್ವಚ್ಛ ಇಡಬೇಕು, ಪಟ್ಟಿ ಕಟ್ಟಬೇಕು. ಬಿಟ್ರ ಮತ್ತ ಜ್ವರ ಬರತೈತಿ. ಇನ್ನೊಂದು ಇಂಥ ಜ್ವರ ತಡಿಯೂ ತ್ರಾಣ ಇವರಿಗಿಲ್ಲ."

ಬೆರಳ ತುದಿಯಿಂದ ಆರಂಭಿಸಿ, ಒಂದೊಂದು ಬೆರಳನ್ನೂ ಬೇರೆಯಾಗಿ ಸುತ್ತಿ, ಅಂಗೈ, ಮಣಿಕಟ್ಟು, ಮುಂಗೈ, ತೋಳು ಎಂದು ಕೆಳಗೆ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗಿ ಅವರು ಪಟ್ಟಿ ಸುತ್ತಿದರು. ಸಾಲುಗಳು ಹೊಲದ ಕೂರಿಗೆಯ ಸಾಲಿನಂತೆ ನೇರವಾಗಿ ಬಿದ್ದವು. ಮಾವ ಕಲಿಯಲು ಮುಂದೆ ಬಂದು ಕೈ ಹಚ್ಚಿದಾಗ ಡಾಕ್ಟರರು ಅವರ ತಲೆಗೆ ಸುತ್ತಿದ ರುಮಾಲಿನ ಕಡೆ ನೋಡಿ, "ಯಜಮಾನ್ರ, ಇದು ರುಮಾಲಲ್ರಿ. ಚಂದ ಕಾಣಬೇಕಾಗಿಲ್ಲ" ಎಂದರು. ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದನ್ನು ಕಂಡು ಗಂಡಾಂತರ ಕಳೆಯಿತೆಂದು ನಾನು ತಿಳಿದೆ.

ಮರುದಿನ ಅಕ್ಕ ಊಟ ಮಾಡಲಿಲ್ಲ. ನುಚ್ಚು ಸೇರಲಿಲ್ಲವೆಂದಳು. ಅದರ ಮರುದಿನವೂ ತಟ್ಟೆ ಹಾಗೆಯೇ ಉಳಿಯಿತು. ಅತ್ತೆಯವರು ತಟ್ಟೆಯನ್ನು ಸರಿಸಿ ಸೊಸೆಯ ಮುಖವನ್ನು ನೋಡಿದರು, ಪಟ್ಟಿಯೊಳಗಿನ ಅಂಗೈಯನ್ನು ನೋಡಿದರು. ನನಗಿಂತ ಮೊದಲು ಅವರಿಗೆ ತಿಳಿಯಿತು. ಅಂಗೈ ಮುಚ್ಚಿದೆ. ಪೂಜೆ ಇಲ್ಲ. ಪೂಜೆ ಇಲ್ಲದೆ ಅನ್ನವಿಲ್ಲ, ನೀರಿಲ್ಲ. ಔಷಧದ ಒಂದು ಗುಟುಕನ್ನು ಮಾತ್ರ ಡಾಕ್ಟರರು ಎದುರು ನಿಂತಾಗ ನುಂಗುತ್ತಿದ್ದಳು. ಜ್ವರದ ದಿನಗಳಲ್ಲಿ ಮಲಗಿದ್ದಲ್ಲೇ ಅಂಗೈಯಲ್ಲಿ ಲಿಂಗವಿಟ್ಟು ಅರೆಗಣ್ಣಲ್ಲಾದರೂ ಪೂಜಿಸಿ ಗಂಜಿ ಕುಡಿದಿದ್ದಳು. ಈಗ ಅದಕ್ಕೂ ದಾರಿ ಮುಚ್ಚಿತ್ತು; ತಮ್ಮ ಹೊರತು ಯಾರೂ ಪಟ್ಟಿ ಬಿಚ್ಚಕೂಡದೆಂದು ಡಾಕ್ಟರರು ಕಟ್ಟಪ್ಪಣೆ ಮಾಡಿದ್ದರು.

ನಾನು ಆ ಊರ ಜಂಗಮರಾದ ಅಯ್ಯನವರಲ್ಲಿಗೆ ಹೋಗಿ ಕೇಳಿದೆ. ಬಟ್ಟೆಯ ಮೇಲೆ ಲಿಂಗವಿಟ್ಟರೆ ಪೂಜೆಯಾಗದು, ಆಪತ್ಕಾಲದಲ್ಲಿ ಬಲಗೈಯಲ್ಲಿ ಇಡಬಹುದು ಎಂದು ಅವರು ಅಪ್ಪಣೆಯಿತ್ತರು. ಅಕ್ಕ ತಲೆಬಾಗಿ ಕೇಳಿದಳು. ಬಲಗೈಯಲ್ಲಿ ಇಟ್ಟುಕೊಂಡೂ ನೋಡಿದಳು. ಆದರೆ ನೀರೆರೆಯಲು, ವಿಭೂತಿ ಧರಿಸಲು, ಪತ್ರಿ ಏರಿಸಲು ಉಳಿದದ್ದು ಪಟ್ಟಿ ಸುತ್ತಿದ ಎಡಗೈ. ಮಡಿಸಲಾರದ ಆ ಬೆರಳುಗಳಿಂದ ಪತ್ರಿ ಜಾರಿತು, ನೀರು ಚೆಲ್ಲಿತು, ಪಟ್ಟಿ ತೊಯ್ದಿತು. ಲಿಂಗವೇ ಜಾರುವುದರಲ್ಲಿತ್ತು. ಅವಳು ಅದನ್ನು ಕೊರಳ ಕರಡಿಗೆಯಲ್ಲಿಟ್ಟು ಮುಚ್ಚಿದಳು. ಮತ್ತೆ ಆ ಪ್ರಯತ್ನ ಮಾಡಲಿಲ್ಲ. ನಾನು ಮಾನಸಪೂಜೆಯ ಮಹಿಮೆಯನ್ನು ಶ್ಲೋಕಸಹಿತ ವಿವರಿಸಿದೆ. ಶ್ರದ್ಧೆಯಿಂದ ಕೇಳಿ ಮುಗಿಸಿ, "ಚಂದ ಹೇಳತಿ ತಮ್ಮಾ. ಹಂಗಾರ ಊಟಾನೂ ಮನಸ್ಸಿನ್ಯಾಗ ಮಾಡತೇನಿ" ಎಂದಳು.

ಆಗ ಮಾವ ಒಂದು ಉಪಾಯ ಹೂಡಿದರು. ನಮ್ಮಂಥವರಿಗೆ ಮಾತ್ರ ಹೊಳೆಯುವ ಉಪಾಯವದು. ಡಾಕ್ಟರರು ಹಳ್ಳಿಯೊಂದಕ್ಕೆ ಹೋದ ದಿನ ಕತ್ತರಿ ತಂದು, ಅಂಗೈಯ ನಡುವೆ ಲಿಂಗ ಕೂಡ್ರುವಷ್ಟು ಅಗಲಕ್ಕೆ ಪಟ್ಟಿಯನ್ನು ದುಂಡಗೆ ಕತ್ತರಿಸಿದರು. ಉಳಿದ ಪಟ್ಟಿ ಬಿಗಿಯಾಗಿಯೇ ಇತ್ತು. ವೈದ್ಯಕ್ಕೂ ಭಂಗವಿಲ್ಲ, ಪೂಜೆಗೂ ಭಂಗವಿಲ್ಲ ಎಂದು ಅವರಿಗೂ ಅನ್ನಿಸಿತು, ನಮಗೂ ಅನ್ನಿಸಿತು. ಅಕ್ಕ ಮಿಂದು ಆ ಕಿಂಡಿಯಲ್ಲಿ ಲಿಂಗವಿಟ್ಟು ಪೂಜಿಸಿದಳು. ಒಂದಿಷ್ಟು ಗಂಜಿ ಕುಡಿದಳು. ಅತ್ತೆಯವರು ಹೊರಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆಯ ಹೊತ್ತಿಗೆ ಆ ಕಿಂಡಿಯಿಂದ ಅಂಗೈ ಕಡುಬಿನಂತೆ ಉಬ್ಬಿ ಹೊರಗೆ ಬಂದಿತ್ತು. ಸುತ್ತಲೂ ಬಿಗಿದ ನೀರೆಲ್ಲ ಬಿಗಿಯಿಲ್ಲದ ಆ ಒಂದೇ ಜಾಗಕ್ಕೆ ಕೂಡಿತ್ತು. ಚರ್ಮ ಹೊಳೆಯುತ್ತಿತ್ತು. ಒಂದು ಕಡೆ ಬಿರಿದು ತಿಳಿನೀರು ಜಿನುಗುತ್ತಿತ್ತು. ಲಿಂಗವಿಡಲು ಅಲ್ಲಿ ಸಮನೆಲವೇ ಉಳಿದಿರಲಿಲ್ಲ.

ಡಾಕ್ಟರರು ಮರಳಿ ಬಂದು ನೋಡಿದರು. ಬೈಯಲಿಲ್ಲ. ಅದರಿಂದಲೇ ನಮಗೆ ಹೆಚ್ಚು ಹೆದರಿಕೆಯಾಯಿತು. "ನೀವು ಕಿಡಕಿ ಕೊರದೀರಿ, ಒಳಗಿನ ನೀರು ಅದ್ರಾಗ ಇಣಿಕಿ ನೋಡಾಕತ್ತೇತಿ" ಎಂದಷ್ಟೇ ಹೇಳಿ ಪಟ್ಟಿ ಬಿಚ್ಚಿ, ತೊಳೆದು, ಮತ್ತೆ ತುದಿಯಿಂದ ಮುಚ್ಚಿ ಸುತ್ತಿದರು. ಆ ಬಿರುಕಿನಿಂದ ಜ್ವರ ಬರುವುದೋ ಇಲ್ಲವೋ ಒಂದೆರಡು ದಿನದಲ್ಲಿ ಗೊತ್ತಾಗುವುದೆಂದರು. ಅಕ್ಕ ಮತ್ತೆ ಅನ್ನ ಬಿಟ್ಟಳು.

ಆ ದಿನಗಳಲ್ಲಿ ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತವರು ಏಳುತ್ತಿರಲಿಲ್ಲ. ನಾನು ಗಳಿಗೆಗೊಮ್ಮೆ ಅಕ್ಕನ ಹಣೆ ಮುಟ್ಟಿ ನೋಡುತ್ತಿದ್ದೆ. ಕಾವು ಜ್ವರದ್ದೋ, ಉಪವಾಸದ್ದೋ, ನನ್ನ ಕೈಯದೇ ಏನೋ ತಿಳಿಯುತ್ತಿರಲಿಲ್ಲ. ಅವಳ ಕಣ್ಣು ಗುಳಿಬಿದ್ದಿತ್ತು. ಮಾತು ಕಡಿಮೆಯಾಗಿತ್ತು. ಸೊಸೆ ಉಣ್ಣದೆ ತಮಗೂ ತುತ್ತು ಇಳಿಯದೆಂದು ಅತ್ತೆಯವರೂ ಉಪವಾಸ ಬಿದ್ದರು. ಜ್ವರ ಬರಲಿಲ್ಲ. ಆದರೆ ಅನ್ನವಿಲ್ಲದ ಮೈ ಇನ್ನೆಷ್ಟು ತಡೆದೀತು?

ಮೂರನೆಯ ಮುಂಜಾನೆ ಡಾಕ್ಟರರು ಬಂದವರೇ ನಾಡಿ ಹಿಡಿದು, ಕೈ ಬಿಟ್ಟು, ನಮ್ಮೆಲ್ಲರ ಮುಂದೆ ಅಕ್ಕನನ್ನೇ ಕೇಳಿದರು: "ತಾಯಿ, ಪಟ್ಟಿ ಇದ್ರ ನೀವು ಉಣ್ಣೂದಿಲ್ಲ. ಪಟ್ಟಿ ಬಿಚ್ಚಿದ್ರ ಕೈ ಉಳಿಯೂದಿಲ್ಲ. ನಾ ಏನ ಮಾಡ್ಲಿ ಹೇಳ್ರಿ."

"ಬಿಚ್ಚಿದ್ರ ಯಾಕ ಉಳಿಯೂದಿಲ್ರಿ?" ಎಂದಳು ಅಕ್ಕ. ದನಿ ಬಹಳ ಸಣ್ಣದಾಗಿತ್ತು.

"ಕೈ ತೊಡಿ ಮ್ಯಾಲ ಇಟಗೊಂಡು ಅಷ್ಟೊತ್ತು ಕುಂತ್ರ ಮ್ಯಾಲಿನ ನೀರೆಲ್ಲ ಇಳದು ಬೆರಳಿಗೆ ಬರತೈತಿ. ಆಮ್ಯಾಲ ಹ್ಯಾಂಗ ಕಟ್ಟಿದ್ರೂ ಅಷ್ಟ."

"ಪೂಜಾದಾಗ ಕೈ ತೊಡಿ ಮ್ಯಾಲ ಇರೂದಿಲ್ರಿ. ಈಗೀಗ ತ್ರಾಣ ಇಲ್ಲಂತ ನಾ ಇಟಗೊಂತಿದ್ದೆ."

"ಮತ್ತ ಎಲ್ಲಿರತೈತಿ?"

ಅಕ್ಕ ಮಲಗಿದ್ದವಳು ಎದ್ದು ಕುಳಿತಳು. ಎಡಗೈಯನ್ನು ಎತ್ತಲಾರದೆ ಬಲಗೈಯ ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತೋರಿಸಿದಳು. ಎತ್ತಿದ ಕೈಯನ್ನು ಇಳಿಸದೆ ಹಾಗೆಯೇ ನೋಡುತ್ತ ಉಳಿದಳು.

ಡಾಕ್ಟರರು ಆ ಕೈಯನ್ನು ನೋಡಿದರು. ಆಮೇಲೆ ನಮ್ಮನ್ನು ನೋಡಿದರು. ನಮ್ಮ ಪೂಜೆಯನ್ನು ಅವರು ಎಂದೂ ಹತ್ತಿರದಿಂದ ಕಂಡಿರಲಿಲ್ಲ. ಜ್ವರ ಇಳಿದು ಪಟ್ಟಿ ಕಟ್ಟುವ ಮುನ್ನ ಹೊಸ್ತಿಲಾಚೆಯಿಂದ ಕಂಡದ್ದೂ ಅಕ್ಕ ತೊಡೆಯ ಮೇಲೆ ಮೊಳಕೈಯೂರಿ ಕುಳಿತದ್ದನ್ನು. ಹೀಗೆ ಕೈಯೆತ್ತುವುದು ನಮಗೆ ಉಸಿರಾಡಿದಷ್ಟು ಸಹಜವಾದುದರಿಂದ ಅವರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ.

"ಅಲ್ರಿ, ಇಷ್ಟು ದಿನ ಯಾರೂ ಯಾಕ ಹೇಳಲಿಲ್ಲ?" ಎಂದರು. ಮಾವ ಕಂಬವನ್ನು ಬಿಟ್ಟು ಎದ್ದು ನಿಂತು, "ನೀವು ಕೇಳಲಿಲ್ರಿ" ಎಂದರು.

ಡಾಕ್ಟರರು ಕೂಡಲೇ ಒಪ್ಪಿಬಿಟ್ಟರೆಂದು ಯಾರೂ ತಿಳಿಯಬಾರದು. ಒಂದು ಸಲ ನೋಡೋಣವೆಂದರು. ಕಟ್ಟಳೆಗಳು ಎರಡು. ಕೈಯನ್ನು ಮೊದಲು ಎತ್ತಿ, ಎತ್ತಿದಲ್ಲಿಯೇ ಪಟ್ಟಿ ಬಿಚ್ಚಬೇಕು. ಪೂಜೆ ಮುಗಿದ ಮೇಲೆ ಕೈಯನ್ನು ಇಳಿಸುವ ಮುನ್ನವೇ ಒರೆಸಿ ಮತ್ತೆ ಸುತ್ತಬೇಕು. ಮಣಿಕಟ್ಟಿಗೆ ಒಂದು ದಾರ ಸುತ್ತಿ ಅಳತೆ ತೆಗೆದಿಡುವುದಾಗಿಯೂ, ಪೂಜೆಯ ಬಳಿಕ ಆ ದಾರ ಸಾಲದೆ ಹೋದರೆ ಮತ್ತೆ ಪಟ್ಟಿ ಬಿಚ್ಚುವ ಮಾತೇ ಇಲ್ಲವೆಂದೂ ಹೇಳಿದರು. ಅಕ್ಕ ಹೂಂ ಅಂದಳು.

ಆದರೆ ಆ ನಿಶ್ಶಕ್ತಿಯಲ್ಲಿ ಅಷ್ಟು ಭಾರದ ಕೈಯನ್ನು ಅವಳು ಎತ್ತಿ ಹಿಡಿಯುವುದೆಂತು? ದಿಂಬು ಕುಸಿಯುತ್ತಿತ್ತು. ಹಲಗೆ ಜಾರುತ್ತಿತ್ತು. ಮತ್ತೊಬ್ಬರು ಹಿಡಿಯುವಂತಿಲ್ಲ, ಅವಳ ಪೂಜೆ ಅವಳದೇ ಆಗಬೇಕು. ನಾನು ಎಲ್ಲಿಗೆ ಹೋದರೂ ಪುರಾಣದ ಗ್ರಂಥದೊಡನೆ ಒಯ್ಯುತ್ತಿದ್ದ ಮರದ ವ್ಯಾಸಪೀಠ ಮೂಲೆಯಲ್ಲಿತ್ತು. ಗ್ರಂಥವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟೆ. ಪೀಠವನ್ನು ಎರಡು ಮಣೆಗಳ ಮೇಲೆ ಏರಿಸಿ ಅಕ್ಕನ ಎಡಕ್ಕೆ ತಂದಿರಿಸಿ, ಅದರ ಮೇಲೆ ಮಡಿವಸ್ತ್ರ ಹಾಸಿದೆ. ಅಕ್ಕ ಹಿಂಜರಿದಳು. ಗ್ರಂಥ ಹೊತ್ತ ಪೀಠ ಲಿಂಗ ಹೊತ್ತ ಕೈಯನ್ನು ಹೊರಲಾರದೇ ಎಂದು ಕೇಳಿದೆ. ಪೀಠದ ಕವಲಿನಲ್ಲಿ ಮೊಳಕೈ ಅಳತೆ ಹಿಡಿದು ಮಾಡಿದಂತೆ ಕುಳಿತಿತು. ಅಂಗೈ ಅವಳ ಕಣ್ಣಿನ ಮಟ್ಟಕ್ಕೆ ಬಂದಿತು.

ಡಾಕ್ಟರರು ಹೊರಗೆ ಜೋಡು ಬಿಟ್ಟು, ಕಾಲು ತೊಳೆದುಕೊಂಡು ಬಂದು ನಿಂತರು. ಮಾವ ಪಟ್ಟಿ ಬಿಚ್ಚಿದೊಡನೆ ಬರಿಯ ಮಣಿಕಟ್ಟಿಗೆ ದಾರ ಸುತ್ತಿ ಅಳತೆ ತೆಗೆದರು. ಅತ್ತೆಯವರು ನೀರಿನ ತಂಬಿಗೆ, ಪತ್ರಿಗಳನ್ನು ಬಲಕ್ಕೆ ಇಟ್ಟರು. ಅಕ್ಕ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟಳು.

ಅವಳು ಅವಸರ ಮಾಡಲಿಲ್ಲ. ಬೇಗ ಮುಗಿಸಲೆಂದು ನಾನು ಒಳಗೊಳಗೆ ಬೇಡುತ್ತಿದ್ದೆ. ನೀರೆರೆದಳು. ಒರೆಸಿದಳು. ಲಿಂಗಕ್ಕೆ ವಿಭೂತಿ ಹಚ್ಚಿದಳು. ಒಂದೊಂದೇ ಪತ್ರಿಯನ್ನು ತಿರುವಿ ನೋಡಿ ಏರಿಸಿದಳು. ಆಮೇಲೆ ದೃಷ್ಟಿಯನ್ನು ನೆಟ್ಟು ಕುಳಿತಳು. ಡಾಕ್ಟರರು ಗಡಿಯಾರವನ್ನು ಹೊರಗೆ ತೆಗೆದರು, ಮತ್ತೆ ಒಳಗಿಟ್ಟರು. ಅವರ ಕಣ್ಣು ಆ ಮಣಿಕಟ್ಟನ್ನು ಬಿಟ್ಟು ಕದಲಲಿಲ್ಲ. ಅಕ್ಕನ ಹಣೆಯಲ್ಲಿ ಬೆವರು ಮೂಡಿತು, ತುಟಿ ಬಿಳುಪೇರಿತು. ಒಮ್ಮೆ ಅವಳ ತಲೆ ವಾಲಿದಂತಾಗಿ ಮಾವ ಮುಂದಕ್ಕೆ ಬಾಗಿದರು. ಅತ್ತೆಯವರು ಅವರ ರಟ್ಟೆ ಹಿಡಿದು ತಡೆದರು. ವಾಲಿದ ತಲೆ ತಾನಾಗಿಯೇ ನೇರವಾಯಿತು. ಅಂಗೈ ಮಾತ್ರ ಪೀಠದ ಮೇಲೆ ಅಲುಗಲಿಲ್ಲ.

ಪೂಜೆ ಮುಗಿಯಿತು. ಲಿಂಗ ಕರಡಿಗೆ ಸೇರಿತು. ಡಾಕ್ಟರರು ಆ ದಾರವನ್ನು ಮತ್ತೆ ಮಣಿಕಟ್ಟಿಗೆ ಸುತ್ತಿದರು. ಅದರ ಎರಡು ತುದಿಗಳು ಕೂಡಿದವು. ಕೂಡಿ, ಜೋಳದ ಕಾಳಿನಷ್ಟು ಒಂದರ ಮೇಲೊಂದು ಬಂದವು. ಅವರು ಮತ್ತೊಮ್ಮೆ ಸುತ್ತಿ ನೋಡಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಪಟ್ಟಿಯ ಸುರುಳಿಯನ್ನು ಎತ್ತಿ ಮಾವನ ಕೈಯಲ್ಲಿಟ್ಟು, "ಬೆರಳ ತುದಿಯಿಂದ ಸುತ್ತರಿ. ನಾ ನೋಡತೇನಿ" ಎಂದರು.

ಮಾವ ಸುತ್ತಿ ಮುಗಿಸುವವರೆಗೆ ಅತ್ತೆಯವರು ಗಂಜಿಯ ಬಟ್ಟಲು ಹಿಡಿದು ನಿಂತೇ ಇದ್ದರು. ಅಕ್ಕ ಒಂದು ಗುಟುಕು ಕುಡಿದು, ಬಟ್ಟಲನ್ನು ಅತ್ತೆಯ ಕಡೆ ತಿರುಗಿಸಿ, "ಇನ್ನ ನೀವೂ ತಗೋರಿ ಅತ್ತಿ. ನಿಮ್ಮ ಉಪಾಸದ ಪಾಪ ನನಗ ಬ್ಯಾಡ" ಎಂದಳು. ಅವರು ಬಾಗಿಲಿಗೆ ಬೆನ್ನು ಮಾಡಿ ಕುಳಿತು ಕುಡಿದರು.

ಆ ಕೈಯ ಬಾವು ಪೂರ್ತಿಯಾಗಿ ಹೋಯಿತೆಂದು ಬರೆದರೆ ಸುಳ್ಳಾದೀತು. ಕಟ್ಟಿದ ಕಾಲುವೆ ತೆರೆಯಲಿಲ್ಲ. ಡಾಕ್ಟರರು ಪೂಜೆಯ ಹೊತ್ತನ್ನೇ ಚಿಕಿತ್ಸೆಯ ಹೊತ್ತನ್ನಾಗಿ ಮಾಡಿದರು. ಪೀಠದ ಮೇಲೆ ಕೈಯೆತ್ತಿ ಪಟ್ಟಿ ಬಿಚ್ಚುವುದು, ತೊಳೆಯುವುದು, ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒರೆಸುವುದು, ಪೂಜೆ, ಆಮೇಲೆ ಕೊಬ್ಬರಿ ಎಣ್ಣೆಯ ತೆಳುವಾದ ಲೇಪ, ಮತ್ತೆ ಪಟ್ಟಿ. ಮೂಡಲಗಿಗೆ ಮರಳಿದ ಮೇಲೆ ಮಾವ ತಾವೇ ದಿನಾಲು ಪಟ್ಟಿ ಸುತ್ತಿದರು. ಹೊಲದಲ್ಲಿ ಎಂಥ ಕೆಲಸವಿದ್ದರೂ ಅದಾದ ಮೇಲೆಯೇ ಅವರು ಮನೆಯಿಂದ ಹೊರಬೀಳುತ್ತಿದ್ದರು. ಕುಪ್ಪಸದ ತೋಳನ್ನು ಮತ್ತೆ ಹಿಡಿದು ಹೊಲಿಯುವಷ್ಟು ಕೈ ಇಳಿಯಿತು. ಜ್ವರ ಯಾವಾಗಾದರೊಮ್ಮೆ ಬಂದರೂ ಮೊದಲಿನ ಕಸುವಿನಿಂದ ಬರಲಿಲ್ಲ. ವ್ಯಾಸಪೀಠ ಅಕ್ಕನಲ್ಲಿಯೇ ಉಳಿಯಿತು. ನಾನು ಪುರಾಣಕ್ಕೆ ಬೇರೊಂದನ್ನು ಮಾಡಿಸಿಕೊಂಡೆ.

ಅಕ್ಕ ಆ ಕೈಯಿಂದಲೇ ಇನ್ನೂ ಬಹಳ ವರುಷ ಪೂಜಿಸಿ, ಪೂಜೆ ತಪ್ಪದೆಯೇ ಲಿಂಗೈಕ್ಯಳಾದಳು.

ತಮ್ಮದಲ್ಲದ ಪೂಜೆಯ ಮುಂದೆ ಕಾಲು ತೊಳೆದು ನಿಂತ ಆ ವೈದ್ಯರ ವಂಶ ತಂಪಾಗಿರಲಿ. ತಪ್ಪು ಕಿಂಡಿಯನ್ನು ಕೊರೆದರೂ ಸರಿಯಾದ ಪಟ್ಟಿಯನ್ನು ಬಾಳಿನುದ್ದಕ್ಕೂ ಸುತ್ತಿದ ಮಾವನಿಗೆ, ಕಾದ ಕುಡುಗೋಲನ್ನು ಕೆಳಗಿಟ್ಟ ಆ ಅತ್ತೆಗೆ, ಕೇಳಿದ್ದಕ್ಕೆ ಕರುಣೆಯಿಂದ ಉತ್ತರಿಸಿದ ಅಯ್ಯನವರಿಗೆ ಶಿವನ ಸನ್ನಿಧಿ ದೊರೆತಿರಲಿ. ಆ ಪಟ್ಟಿಯ ನೂಲನ್ನು ತೆಗೆದವರಿಗೆ, ನೇಯ್ದವರಿಗೆ, ಬಂಡಿಯೆಳೆದ ಮೂಕ ಎತ್ತುಗಳಿಗೆ ಒಳ್ಳೆಯದಾಗಲಿ. ಇಂದು ಎಲ್ಲೆಲ್ಲಿ ಯಾರ ಕೈಕಾಲು ಹೀಗೆ ಭಾರವಾಗಿದೆಯೋ, ಅದನ್ನು ಎತ್ತಿ ಹಿಡಿಯುವ ಮನೆಮಂದಿ ಅವರಿಗಿರಲಿ. ಎಲ್ಲರಿಗೂ ಶರಣು, ಶರಣಾರ್ಥಿ.